ಎರಡನೆಯ ಸಲ ನೋಡಿದ ಗಾಜು

ಮದುವೆಯಾಗಿ ಬಾಗಲಕೋಟೆಗೆ ಬಂದ ಮೇಲೆ ಇಂಗ್ಲಿಷ್ ಓದುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂತು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು. ಟಾನಿಕ್ಕಿನ ಬಾಟಲಿ, ಲೈಟ್ ಬಿಲ್ಲು, ಯಾರ ಮನೆಗೋ ಬಂದ ತಾರು, ಓಣಿಯಲ್ಲಿ ಇಂಗ್ಲಿಷ್ ಅಕ್ಷರವಿದ್ದದ್ದೆಲ್ಲ ನಮ್ಮ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಲ್ಲುತ್ತಿತ್ತು. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು, ಕೈಯ ಹಿಟ್ಟು ಝಾಡಿಸಿ ಓದುತ್ತಿದ್ದೆ. ತಾರು ಬಂದಾಗ ಮಾತ್ರ ಅತ್ತೆ ಕಾಗದದ ಕಡೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. "ನೀ ಕಾಗದ ಓದವ್ವ, ನಾ ನಿನ್ನ ಮಾರಿ ಓದತೇನಿ. ನಿನಗಿಂತ ಮೊದಲ ನನಗ ತಿಳೀತೈತಿ" ಅನ್ನುತ್ತಿದ್ದರು.

ನನ್ನ ಗಂಡನ ತಂಗಿಯ ದವಾಖಾನೆಯ ಕಾಗದವನ್ನು ಓದಿದವಳೂ ನಾನೇ. ಎಪ್ಪತ್ತರ ದಶಕ ಮುಗಿಯಲು ಬಂದಿತ್ತು. ಅವಳನ್ನು ಇಲಕಲ್ಲಿಗೆ ಕೊಟ್ಟಿತ್ತು. ಮಗ್ಗದ ಮನೆ, ಪಡಸಾಲೆಯಲ್ಲಿ ನೆಲ ಅಗೆದು ಕೂರಿಸಿದ ಕುಣಿಮಗ್ಗಗಳು, ಬೆಳಗಿನಿಂದ ಲಾಳಿಯ ಸಪ್ಪಳ. ಅವಳು ನನಗಿಂತ ಚಿಕ್ಕವಳು, ಮೂರು ವರ್ಷದ ಒಬ್ಬಳೇ ಮಗಳು. ಬಾಣಂತನ ಮುಗಿದಾಗಿನಿಂದ ಕೆಮ್ಮು ಬಿಟ್ಟಿರಲಿಲ್ಲ. ಮಲಗಿದರೆ ಎದೆಯ ಎಡಗಡೆ ಬೆಕ್ಕಿನ ಮರಿ ಗುರುಗುಟ್ಟಿದಂತೆ ಕೇಳುತ್ತಿತ್ತು. ಮೊದಲು ನೂಲಿನ ಧೂಳು ಅಂದರು. ಆಮೇಲೆ ಕ್ಷಯ ಅಂದು, ಕೂರಲಿಕ್ಕೂ ಆಗದಷ್ಟು ಸೂಜಿ ಚುಚ್ಚಿದರು. ಕ್ಷಯದವರು ಸೊರಗುತ್ತಾರೆ, ಇವಳ ಕೆನ್ನೆ ತುಂಬಿಕೊಂಡೇ ಇತ್ತು. ಕೆಲವು ಸಲ ಸುಮ್ಮನೆ ಕುಳಿತಲ್ಲೇ ಕುತ್ತಿಗೆಯಿಂದ ಕೆನ್ನೆಯವರೆಗೆ ಕೆಂಪೇರಿ ಇಳಿಯುತ್ತಿತ್ತು. "ಗಂಡನ ನೆನಪಾತೇನ?" ಎಂದು ನಾವು ಕಾಡುತ್ತಿದ್ದೆವು.

ಒಂದು ಮುಂಜಾನೆ ಬಚ್ಚಲಿನಲ್ಲಿ ಉಗುಳಿದಾಗ ರಕ್ತ ಬಿತ್ತು. ಅವಳ ಗಂಡ ಮತ್ತು ನನ್ನ ಗಂಡ ಸೇರಿ ಅವಳನ್ನು ದೊಡ್ಡ ಊರಿನ ದವಾಖಾನೆಗೆ ಕರೆದುಕೊಂಡು ಹೋದರು. ಗಂಟಲಲ್ಲಿ ಕಬ್ಬಿಣದ ನಳಿಗೆ ಇಳಿಸಿ, ಶ್ವಾಸನಾಳದೊಳಗಿಂದ ಒಂದು ಚೂರು ಮಾಂಸ ಚಿವುಟಿ ತೆಗೆದರಂತೆ. ಅದನ್ನು ನೋಡಿದವರು ಬರೆದುಕೊಟ್ಟ ಕಾಗದವನ್ನು ನನ್ನ ಗಂಡ ತಂದು ನನ್ನ ಮುಂದೆ ಹಿಡಿದರು. ಡಾಕ್ಟರು ಬಾಯಿಯಿಂದ ಹೇಳಿದ್ದನ್ನು ಅವರು ಆಗಲೇ ಕೇಳಿಕೊಂಡು ಬಂದಿದ್ದರು. ಆದರೂ ಕಾಗದದಲ್ಲಿ ಬೇರೆ ಏನಾದರೂ ಇರಬಹುದು ಎಂಬ ಆಸೆ ಅವರ ಕಣ್ಣಲ್ಲಿತ್ತು.

ಓಟ್ ಸೆಲ್ ಕಾರ್ಸಿನೋಮಾ ಅಂತ ಬರೆದಿತ್ತು. ಕೊನೆಯ ಪದದ ಅರ್ಥ ಗೊತ್ತಿತ್ತು. ಮೊದಲನೆಯದೂ ಗೊತ್ತಿತ್ತು. ಕಾನ್ವೆಂಟಿನ ಸಿಸ್ಟರುಗಳು ಮುಂಜಾನೆ ಡಬ್ಬಿಯಿಂದ ಓಟ್ಸ್ ತೆಗೆದು ಗಂಜಿ ಕಾಯಿಸಿಕೊಳ್ಳುತ್ತಿದ್ದರು. ಜ್ವರ ಬಂದ ಹುಡುಗಿಯರಿಗೂ ಒಂದು ಬಟ್ಟಲು ಸಿಗುತ್ತಿತ್ತು. ಬಾಗಲಕೋಟೆಯಲ್ಲಿ ಅದನ್ನು ಕಂಡವರಿರಲಿಲ್ಲ.

"ಏನು ಬರದಾರ?" ಅತ್ತೆ ಕೇಳಿದರು.

"ಕ್ಯಾನ್ಸರ್ ಅಂತ್ರಿ. ಒಂದು ನಮೂನಿ ಕಾಳಿನಂಗ ಕಾಣತೈತಂತ, ಸಜ್ಜಿಯಂಥಾ ಕಾಳು."

ಅತ್ತೆ, "ಕಾಳು ಅಂದ್ರ ಬಿತ್ತಿದಲ್ಲೆಲ್ಲಾ ಹುಟ್ಟತೈತಿ" ಅಂದರು. ದವಾಖಾನೆಯವರೂ ಅದನ್ನೇ ಹೇಳಿ ಕಳಿಸಿದ್ದರು. ಇದು ಕೊಯ್ದು ತೆಗೆಯುವ ಜಾತಿಯದಲ್ಲ, ಕೊಯ್ಯುವುದರೊಳಗೆ ಹರಡಿರುತ್ತದೆ, ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ.

ದವಾಖಾನೆಯಿಂದ ನೇರ ನಮ್ಮಲ್ಲಿಗೇ ಬಂದಿದ್ದ ಅವಳು ಒಳಗಿನ ಕೋಣೆಯಲ್ಲಿ ಮಗಳ ತಲೆ ಬಾಚುತ್ತಿದ್ದಳು. ನಾವು ಪಿಸುಮಾತಿನಲ್ಲಿ ಆಡಿದ್ದನ್ನು ತಡೆಯುವ ಗೋಡೆಗಳು ಆ ಮನೆಗಿರಲಿಲ್ಲ. ನಾನು ಒಳಗೆ ಹೋದಾಗ ಬಾಚಣಿಗೆ ನಿಲ್ಲಿಸದೆ ಕೇಳಿದಳು: "ವೈನಿ, ನೀವು ಸುಳ್ಳು ಓದಂಗಿಲ್ಲ. ಎಷ್ಟಂತ?"

ನಾನು ಹೇಳಿದೆ. ಅವಳು ಮಗಳ ಜಡೆಗೆ ರಿಬ್ಬನ್ ಕಟ್ಟಿ, ಗಂಟು ಸರಿಯಾಗಲಿಲ್ಲವೆಂದು ಬಿಚ್ಚಿ, ಮತ್ತೆ ಕಟ್ಟಿದಳು.

ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಎಂಟು ದಿನ ಕಳೆದಿರಬೇಕು, ಹಿತ್ತಲಲ್ಲಿ ಶೇಂಗಾ ಒಡೆಯುತ್ತ ಕುಳಿತಾಗ ಅವಳೇ ಮಾತು ತೆಗೆದಳು.

"ನಾ ಸತ್ತ ಮ್ಯಾಲ ಅವರು ಹ್ಯಾಂಗೂ ಇನ್ನೊಂದು ಮಾಡ್ಕೋತಾರ, ವೈನಿ."

"ಹಂಗೆಲ್ಲ ಮಾತಾಡಬ್ಯಾಡ."

"ಮಾತಾಡದಿದ್ರ ಆಗೂದಿಲ್ಲೇನು? ನಮ್ಮ ಅತ್ತಿ ಎಲ್ಲಿಂದ ಎಂಥಾಕಿನ್ನ ತರ್ತಾಳೋ. ನನ್ನ ಕೂಸು ಆಕಿ ಕೈಯಾಗ ಬೆಳೀಬೇಕು. ಅದಕ್ಕ ನಾ ಇದ್ದಾಗನ ನಾನ ನೋಡಿ ತರತೇನಿ."

ಅತ್ತೆ ಕೇಳಿಸಿಕೊಂಡು, "ಹುಚ್ಚೀ, ಜೀವಂತ ಇದ್ದಾಕಿ ತನ್ನ ಸವತಿನ್ನ ತರತಾಳೇನ?" ಅಂದರು. ಆದರೆ ಆ ಮಾತಿನಲ್ಲಿ ಬಲವಿರಲಿಲ್ಲ. ತಾಯಿ ಸತ್ತ ಕೂಸಿಗೆ ತಾಯಿಯ ಕಡೆಯವಳೇ ತಾಯಿಯಾಗಿ ಬರಬೇಕು ಎನ್ನುವುದು ನಮ್ಮ ಕಡೆ ಹೊಸದಲ್ಲ. ಎಲ್ಲರೂ ತಿಥಿಯಾದ ಮೇಲೆ ಮಾಡುವುದನ್ನು ಅವಳು ಮುಂಚೆ ಮಾಡಲು ಹೊರಟಿದ್ದಳು, ಅಷ್ಟೇ. ದವಾಖಾನೆಯವರು ದಿನ ಹೇಳಿಬಿಟ್ಟಿದ್ದರಲ್ಲ.

ಅತ್ತೆಯ ತಂಗಿಯ ಮಗಳೊಬ್ಬಳು ಬಾದಾಮಿಯಲ್ಲಿದ್ದಳು. ತಂದೆ ಇರಲಿಲ್ಲ, ಮದುವೆಯ ವಯಸ್ಸು ದಾಟುತ್ತ ಬಂದಿತ್ತು. ನಾದಿನಿ ನನ್ನನ್ನು ಜೊತೆಗೆ ಕರೆದುಕೊಂಡು ಬಸ್ಸಿನಲ್ಲಿ ಅಲ್ಲಿಗೆ ಹೋದಳು. ಕೆಂಪು ಬಂಡೆಯ ಬುಡದಲ್ಲಿ ಅವರ ಮನೆ. ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿ, ಮಂಗಗಳು ಬಾರದಂತೆ ಆ ಹುಡುಗಿ ಬಿಸಿಲಲ್ಲಿ ಬಡಿಗೆ ಹಿಡಿದು ಕುಳಿತಿದ್ದಳು. ನಾವು ಬಂದದ್ದು ಕಂಡರೂ ಇಳಿದು ಬರಲಿಲ್ಲ. "ಬಂದೆ ಅಕ್ಕಾ, ಇವು ಒಂದು ಗಳಿಗಿ ಬಿಟ್ರ ಎಲ್ಲಾ ಒಯ್ತಾವು" ಎಂದು ಮೇಲಿನಿಂದಲೇ ಕೂಗಿದಳು.

"ಇಕೀನ ಆದೀತು" ಎಂದಳು ನಾದಿನಿ, ಚಹಾ ಕುಡಿಯುವುದಕ್ಕೂ ಮೊದಲೇ. "ಸಂಡಿಗಿ ಕಾಯಾಕಿ ಕೂಸಿನ್ನೂ ಕಾಯ್ತಾಳ."

ಮದುವೆ ಇಲಕಲ್ಲಿನ ಮನೆಯಲ್ಲೇ ಆಯಿತು. ಮಗ್ಗಗಳನ್ನು ಅಂದು ನಿಲ್ಲಿಸಿದ್ದರು. ಒಬ್ಬ ಅಯ್ಯನವರು, ಎರಡು ಮನೆಯ ಹಿರಿಯರು, ವಾದ್ಯ ಇಲ್ಲ. ಕಾಯಿದೆ ಇದಕ್ಕೆ ಒಪ್ಪುವುದಿಲ್ಲವೆಂದು ನನಗೆ ಗೊತ್ತಿತ್ತು, ಉಳಿದವರಿಗೂ ಗೊತ್ತಿತ್ತು. ಸಾಯುವವಳ ಮಾತಿಗಿಂತ ದೊಡ್ಡ ಕಾಯಿದೆ ಆ ಮನೆಯಲ್ಲಿ ಯಾರಿಗೂ ಕಾಣಲಿಲ್ಲ. ಮದುಮಗಳಿಗೆ ಸೀರೆ ಉಡಿಸಿದವಳು ನಾದಿನಿ. ನಿರಿಗೆ ಹಿಡಿಯುವಾಗ ಕೆಮ್ಮು ಬಂದು ಎರಡು ಸಲ ನಿಲ್ಲಿಸಿದಳು. ಅವಳ ಗಂಡ ಅಂದು ತಲೆ ಎತ್ತಿ ಯಾರ ಮುಖವನ್ನೂ ನೋಡಲಿಲ್ಲ. ಅವನನ್ನು ಕೆಟ್ಟವನೆಂದು ನಾನು ಎಂದೂ ಅನ್ನಲಾರೆ.

ಆಮೇಲೆ ಅವಳು ಇನ್ನೊಂದು ಕೆಲಸ ಮಾಡಿದಳು. ಬಾದಾಮಿಯವಳು ಮಗುವಿಗೆ ಚಿಗವ್ವ ಆಗಬೇಕು, ಅಂದರೆ ತಾಯಿಯ ತಂಗಿ. ನಾದಿನಿ ಅದನ್ನು ತಿರುಗಿಸಿದಳು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೊಸಬಳ ಕಡೆ ಕೈಮಾಡಿ, "ಅಕಿ ಯಾರು? ಅವ್ವ. ಮತ್ತ ನಾ? ನಾ ದೊಡ್ಡವ್ವ" ಎಂದು ಕಲಿಸಿದಳು. ತಾಯಿಯ ಅಕ್ಕನಿಗೆ ಹೇಳುವ ಹೆಸರು ಅದು. ಮಗು ಮೊದಮೊದಲು ತಪ್ಪುತ್ತಿತ್ತು. ತಪ್ಪಿದಾಗ ಅವಳು ಓ ಅನ್ನುತ್ತಿರಲಿಲ್ಲ, ಮುಖ ಆಚೆ ತಿರುಗಿಸಿ ಕೂರುತ್ತಿದ್ದಳು. ದೊಡ್ಡವ್ವ ಅಂದರೆ ಅಂಗೈಯಲ್ಲಿ ಬೆಲ್ಲದ ಚೂರು ಇಡುತ್ತಿದ್ದಳು. "ನಾ ಹ್ವಾದಾಗ ಅದಕ್ಕ ಅವ್ವ ಸತ್ಲು ಅಂತ ಅನಸಬಾರದು" ಎಂದು ನನಗೆ ಹೇಳಿದ್ದಳು. ಮೂರು ವರ್ಷದ ಮಗು, ಬೇಗ ಕಲಿಯಿತು.

ಹೀಗೆ ಎಲ್ಲವನ್ನೂ ಒಪ್ಪಿಸಿ, ಕೀಲಿಕೈ ಗೊಂಚಲನ್ನೂ ಕೊಟ್ಟು, ಅವಳು ಬಾಗಿಲ ಹತ್ತಿರದ ಚಿಕ್ಕ ಕೋಣೆಯಲ್ಲಿ ಹಾಸಿಗೆ ಹಾಸಿಕೊಂಡಳು. ಆರು ತಿಂಗಳು ಹೋಯಿತು. ವರ್ಷ ಹೋಯಿತು. ಅವಳು ಹೋಗಲಿಲ್ಲ.

ಸಾವು ಬಾರದಿರುವುದು ಒಂದು ಮನೆಯನ್ನು ಹೇಗೆ ಮುಜುಗರಕ್ಕೆ ತಳ್ಳುತ್ತದೆಂದು ನಾನು ಆಗ ಕಂಡೆ. ಮಾತಾಡಿಸಲು ಬಂದವರು ಅವಳ ತುಂಬಿದ ಕೆನ್ನೆ ನೋಡಿ, "ಆರಾಮ ಕಾಣತೀಯಲ್ಲ" ಅನ್ನುತ್ತಿದ್ದರು. ಆಮೇಲೆ ಅಂದದ್ದು ತಪ್ಪಾಯಿತೋ ಎಂಬಂತೆ ಸೆರಗು ಸರಿಪಡಿಸಿಕೊಳ್ಳುತ್ತಿದ್ದರು. ಹವಾ ಬದಲಿಗೆಂದು ಅವಳು ನಮ್ಮಲ್ಲಿಗೆ ಬಂದು ಇರತೊಡಗಿದಳು. ಬಾಗಲಕೋಟೆಯಲ್ಲಿ ಆಗ ಎಲ್ಲರ ಬಾಯಲ್ಲೂ ಅಣೆಕಟ್ಟಿನ ಮಾತು, ಹಳೆಯ ಊರು ನೀರಲ್ಲಿ ಹೋಗುತ್ತದೆ ಅಂತ. ದೀಪಾವಳಿಗೆ ಸುಣ್ಣ ಹಚ್ಚಿಸೋಣವೆಂದರೆ ಅತ್ತೆ, "ಮುಳುಗೂ ಗ್ವಾಡಿಗೆ ಸುಣ್ಣ ಯಾಕ?" ಅಂದರು.

"ಹಚ್ಚಸವ್ವಾ" ಎಂದಳು ನಾದಿನಿ. "ನಾನೂ ಈ ಊರೂ ಒಂದ ನಮೂನಿ. ಇಬ್ಬರೂ ಈಗ ಹೋಗ್ತಾರ, ಆಗ ಹೋಗ್ತಾರ ಅಂತ ಮಂದಿ ನೋಡಾಕತ್ತಾರ. ನಾವು ಕುಂತ ಬಿಟ್ಟೇವಿ."

ಅತ್ತೆ ನಕ್ಕರು. ನಕ್ಕು ಎದ್ದು ದೇವರ ಕೋಣೆಗೆ ಹೋದರು.

ಎರಡು ವರ್ಷ ದಾಟಿದ ಮೇಲೆ, ಅವಳು ಇಲಕಲ್ಲಿಗೆ ಹೋಗುವ ದಾರಿಯಲ್ಲಿ ಹುನಗುಂದದಲ್ಲಿ ಬಸ್ಸಿಳಿದಾಗ ಮತ್ತೆ ರಕ್ತ ಬಂತು. ಅಲ್ಲಿಯ ಡಾಕ್ಟರು ಅವಳ ಚೀಲದಲ್ಲಿದ್ದ ಹಳೆಯ ಕಾಗದ ಓದಿ, ಅವಳ ಮುಖ ನೋಡಿ, ಮತ್ತೆ ಕಾಗದ ಓದಿದರಂತೆ. "ಈ ಬ್ಯಾನಿ ಇಷ್ಟು ದಿನ ಕಾಯಂಗಿಲ್ರಿ. ಒಂದೋ ಈ ಕಾಗದ ತಪ್ಪೈತಿ, ಇಲ್ಲಾ ಈಕಿ ಬ್ಯಾರೆ ಯಾರೋ. ಆ ಗಾಜು ಇಟ್ಟಿರತಾರ, ಕೇಳಿ ತಗೊಂಡು ಇನ್ನೊಬ್ಬರಿಗೆ ತೋರಸ್ರಿ" ಎಂದು ಹೇಳಿ ಕಳಿಸಿದರು.

ಅಂದು ಚಿವುಟಿ ತೆಗೆದ ಮಾಂಸದ ತೆಳುವಾದ ಪದರವನ್ನು ಬಣ್ಣ ಹಾಕಿ ಗಾಜಿನ ಚೂರಿನ ಮೇಲೆ ಅಂಟಿಸಿ ಇಟ್ಟಿರುತ್ತಾರೆಂದು ನಮಗೆ ಗೊತ್ತೇ ಇರಲಿಲ್ಲ. ನನ್ನ ಗಂಡ ಹೋಗಿ ಕೇಳಿ ತಂದರು. ಬೆರಳಗಲದ ಎರಡು ಗಾಜು, ಹತ್ತಿಯಲ್ಲಿ ಸುತ್ತಿ ಬೆಂಕಿಪೆಟ್ಟಿಗೆಯಂಥ ಡಬ್ಬಿಯಲ್ಲಿ. ನಾನು ಬೆಳಕಿಗೆ ಹಿಡಿದು ನೋಡಿದೆ. ನೇರಳೆ ಬಣ್ಣದ ಒಂದು ಕಲೆ, ನೇರಳೆಹಣ್ಣು ತಿಂದ ಮಗು ಬೆರಳು ಒತ್ತಿದಂತೆ. ಇದಕ್ಕೇ ಒಂದು ಮದುವೆ ಆಗಿತ್ತು.

ಇನ್ನೊಂದು ಊರಿನ ದೊಡ್ಡ ದವಾಖಾನೆಯಲ್ಲಿ ಅದನ್ನು ನೋಡಿದವರು ನಡುವಯಸ್ಸಿನ ಒಬ್ಬ ಡಾಕ್ಟರಮ್ಮ. ಇಂಗ್ಲಿಷಿನಲ್ಲಿ ಹೇಳಿದರೆ ತಿಳಿಯುವವರು ಯಾರು ಎಂದು ಕೇಳಿದ್ದಕ್ಕೆ ನನ್ನನ್ನು ಒಳಗೆ ಕಳಿಸಿದರು. ನನ್ನೊಂದಿಗೆ ಅವರು ಕನ್ನಡದಲ್ಲೇ ಮಾತಾಡಿದರು. ಸೂಕ್ಷ್ಮದರ್ಶಕದ ಮುಂದಿನ ಸ್ಟೂಲಿನಿಂದ ಎದ್ದು, "ಕೂಡ್ರಿ. ಒಂದು ಕಣ್ಣು ಮುಚ್ಚಿ ನೋಡ್ರಿ" ಅಂದರು.

ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ ನೇರಳೆ ಗೀಚು, ಒದ್ದೆ ಕಾಗದದ ಮೇಲೆ ಮಸಿ ಒರೆಸಿದಂತೆ.

"ಇದು ಚಿಮ್ಮಟಿಗಿಯಾಗ ಜಜ್ಜಿದ ಭಾಗ. ಜಜ್ಜಿದ್ರ ಎಲ್ಲಾ ಒಂದ ಥರಾ ಕಾಣತಾವ. ಅವರು ಇದನ್ನ ನೋಡಿ ಬರದಾರ. ಈಗ ಸರಸ್ತೇನಿ, ಈ ಅಂಚಿಗೆ ನೋಡ್ರಿ."

ಅಂಚಿನಲ್ಲಿ ಜಜ್ಜದೆ ಉಳಿದ ಒಂದಿಷ್ಟು ಜಾಗವಿತ್ತು. ಅಲ್ಲಿ ಚುಕ್ಕಿಗಳು ಗುಂಪುಗುಂಪಾಗಿ, ಸಾಲುಸಾಲಾಗಿ, ಯಾರೋ ತಾಳ್ಮೆಯಿಂದ ರಂಗೋಲಿಗೆ ಇಟ್ಟಂತೆ ಕುಳಿತಿದ್ದವು. ನನಗೆ ಚೆಂದ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಕಣ್ಣು ಹಿಂದಕ್ಕೆ ತೆಗೆದೆ.

ಡಾಕ್ಟರಮ್ಮ ಹೇಳಿದ್ದು ಇಷ್ಟು. ಇವೆಲ್ಲ ಒಂದೇ ಮನೆತನದ ಗಡ್ಡೆಗಳು, ಅಣ್ಣತಮ್ಮಂದಿರಂತೆ ಹೋಲಿಕೆ ಇದೆ, ಗುಣ ಬೇರೆ. ಒಬ್ಬ ಕುದುರೆಯಂತೆ ಓಡುತ್ತಾನೆ. ಅವನೇ ಓಟ್ ಸೆಲ್. ಒಬ್ಬ ವರ್ಷಗಟ್ಟಲೆ ಕುಳಿತಲ್ಲೇ ಕುಳಿತಿರುತ್ತಾನೆ, ಅವನಿಗೆ ಕಾರ್ಸಿನಾಯ್ಡ್ ಅನ್ನುತ್ತಾರೆ. ನಡುವೆ ಇನ್ನೊಬ್ಬನಿದ್ದಾನೆ, ಕುಳಿತವನಂತೆ ಕಂಡರೂ ಒಮ್ಮೊಮ್ಮೆ ಎದ್ದು ಹೊರಡುವವನು. ಒಡೆದು ಎರಡಾಗುತ್ತಿರುವ ಜೀವಕೋಶಗಳು ಎಷ್ಟಿವೆ, ಅಲ್ಲಲ್ಲಿ ಸತ್ತ ಭಾಗಗಳಿವೆಯೇ ಎಂದು ಹುಡುಕಿ ಬೇರೆ ಮಾಡಬೇಕು.

"ನಿಮ್ಮ ನಾದಿನಿದು ಮೊದಲನೇದು ಅಲ್ಲವೇ ಅಲ್ಲ. ಎರಡನೇದೋ ನಡುವಿಂದೋ, ಇಷ್ಟ ಚೂರಿನಾಗ ಹೇಳಲಿಕ್ಕೆ ಆಗೂದಿಲ್ಲ. ಆಪರೇಶನ್ ಮಾಡಸ್ರಿ. ಅವತ್ತ ಮಾಡಸಬೇಕಾಗಿತ್ತು."

"ಹಂಗಾರ ಎಷ್ಟು ವರ್ಷ ಇರತಾಳ್ರಿ?"

"ನಾ ಹೇಳೂದಿಲ್ಲ" ಎಂದು ಅವರು ದೀಪ ಆರಿಸಿದರು. "ಹೇಳಿದವರು ಒಮ್ಮೆ ಹೇಳ್ಯಾರಲ್ಲ."

ಹೊರಗೆ ಬೆಂಚಿನ ಮೇಲೆ ಅವಳು ಪೇರಲಹಣ್ಣನ್ನು ಹೋಳು ಮಾಡಿ ಉಪ್ಪು ಸವರುತ್ತಿದ್ದಳು. ಪಕ್ಕದಲ್ಲಿ ಕುಳಿತು ಹೇಳಿದೆ. ನನ್ನ ಗಂಡ ಮುಖ ಮುಚ್ಚಿಕೊಂಡು ಅತ್ತರು, ಸಂತೋಷಕ್ಕೆ. ಅವಳು ಕೈಯಲ್ಲಿದ್ದ ಹೋಳನ್ನು ತಿನ್ನದೆ ಹಿಡಿದುಕೊಂಡೇ ಕುಳಿತಿದ್ದಳು.

"ನಾ ಸಾಯಂಗಿಲ್ಲ."

"ಈಗ ಇಲ್ಲ."

"ಹಂಗಾರ ಅಕಿ, ವೈನಿ?"

ಬಾದಾಮಿಯವಳಿಗೆ ಆಗ ಏಳು ತಿಂಗಳು.

ಆಪರೇಶನ್ ಆಯಿತು. ಎಡ ಪುಪ್ಪುಸದ ಕೆಳಗಿನ ಭಾಗವನ್ನು ತೆಗೆದರು. ತೆಗೆದದ್ದನ್ನು ನೋಡಿದವರು, ಕುಳಿತವನಂತೆಯೇ ಕಾಣುತ್ತಾನೆ, ಖಾತ್ರಿ ಹೇಳಲಾರೆವು ಅಂದರು. ಬೆನ್ನಿನಿಂದ ಎದೆಯ ಕೆಳಗಿನವರೆಗೆ ಗಾಯದ ಗೆರೆ. ಎಣ್ಣೆ ಹಚ್ಚುವಾಗ ನೋಡಿದರೆ ಕೌದಿಯ ಹೊಲಿಗೆಯ ಹಾಗೆ ಕಾಣುತ್ತಿತ್ತು. ಕೆಮ್ಮು ನಿಂತಿತು. ಬೆಕ್ಕಿನ ಮರಿ ಮಾಯವಾಯಿತು. ಮೈ ಚೇತರಿಸಿದ ಮೇಲೆ ಅವಳು ಹೊಸ ಸೀರೆ ಉಟ್ಟು, ಬಳೆ ಇಡಿಸಿಕೊಂಡು ಇಲಕಲ್ಲಿಗೆ ಹೋದಳು. ಮಳೆಗಾಲ ಕಳೆಯುವುದರೊಳಗೆ ಟ್ರಂಕಿನ ಸಮೇತ ತಿರುಗಿ ಬಂದಳು.

ಅಲ್ಲಿ ಯಾರೂ ಏನೂ ಅನ್ನಲಿಲ್ಲವಂತೆ. ಅಂದಿದ್ದರೆ ಜಗಳವಾಡಿ ಉಳಿಯುತ್ತಿದ್ದಳೇನೋ. ಮೆಂತ್ಯದ ಸೊಪ್ಪು ಸೋಸುತ್ತ ಹೇಳಿದಳು: "ನಾ ಹೋಗಿ ಮುಟ್ಟಿದ ದಿನಾನ ಅಕಿ ಕೀಲಿ ಗೊಂಚಲಾ ತಂದು ನನ್ನ ಮುಂದ ಇಟ್ಲು. 'ಅಕ್ಕಾ, ನಿಮ್ಮವು' ಅಂದ್ಲು. ಹಸೀ ಬಾಣಂತಿ, ಮಗ್ಗಲದಾಗ ಗಂಡು ಕೂಸು. ನಾ ಹ್ಯಾಂಗ ತಗೋಲಿ?"

"ಮಗಳು?"

ಅವಳು ಒಂದು ದಂಟನ್ನು ಎಲೆ ಬಿಡಿಸದೆ ಹಾಗೇ ಬುಟ್ಟಿಗೆ ಹಾಕಿದಳು. "ಒಂದಿನ ಯಾರೂ ಇಲ್ಲದಾಗ ಕರದು, 'ನನಗ ಅವ್ವ ಅನ್ನು' ಅಂದೆ. ಅದು ನಕ್ಕಿತು, ವೈನಿ. 'ನೀ ದೊಡ್ಡವ್ವ ಅಲ್ಲಾ?' ಅಂತು. ನಾ ಏನೋ ಆಟ ಆಡಸಾಕತ್ತೇನಿ ಅಂತ ಬೆಲ್ಲಕ್ಕ ಕೈ ಚಾಚಿತು. ನಾ ಕಲಿಸಿದ್ದು ಭಾಳ ಚಲೋ ಕಲತೈತಿ."

ಆಮೇಲೆ ಅವಳು ನಮ್ಮ ಮನೆಯವಳಾದಳು. ವರ್ಷಕ್ಕೆ ಎರಡು ಸಲ, ಸಾಲಿ ಸೂಟಿಯಲ್ಲಿ, ಮಗಳನ್ನು ಯಾರಾದರೂ ಬಸ್ಸಿನಲ್ಲಿ ತಂದು ಬಿಡುತ್ತಿದ್ದರು. ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಾಗ ಕೊಂಡ ಕರದಂಟಿನ ಪೊಟ್ಟಣ ಇರುತ್ತಿತ್ತು. "ಅವ್ವ ರೊಕ್ಕ ಕೊಟ್ಟಿದ್ಲು, ದೊಡ್ಡವ್ವಗ ಒಯ್ಯಿ ಅಂತ" ಎಂದು ಹುಡುಗಿ ಕೊಡುತ್ತಿದ್ದಳು. "ನಿಮ್ಮವ್ವ ನೆನಪು ಇಟ್ಟಾಳ ನೋಡು" ಎಂದು ನಾದಿನಿ ಬಿಡಿಸಿ, ಗೋಡಂಬಿ ಇದ್ದ ತುಂಡು ಹುಡುಕಿ ಹುಡುಗಿಯ ಬಾಯಿಗೇ ಇಡುತ್ತಿದ್ದಳು. ಜಡೆ ಹಾಕುವುದು, ಹೇನು ಹೆಕ್ಕುವುದು, ಉಗುರು ಕತ್ತರಿಸುವುದು, ಎಲ್ಲ ಅವಳದೇ. ಹುಡುಗಿ ಹೊರಟ ಸಂಜೆ ಆ ಕತ್ತರಿಸಿದ ಉಗುರುಗಳನ್ನು ಮಡಿಸಿದ ಕಾಗದದಿಂದ ತುಳಸಿಯ ಬುಡಕ್ಕೆ ಸುರಿಯುವುದನ್ನು ನಾನು ನೋಡಿದ್ದೇನೆ. ಅದು ಶಾಸ್ತ್ರವಲ್ಲ. ಯಾಕೆಂದು ನಾನು ಕೇಳಲಿಲ್ಲ.

ನಿಜವನ್ನು ಹುಡುಗಿಗೆ ಹೇಳೋಣವೆಂದು ನಾನು ಒಮ್ಮೆ ಅಂದಿದ್ದೆ. "ಹೇಳಿ ಅಕಿಗೆ ಏನು ಕೊಡತೀರಿ? ಇರೂ ಒಬ್ಬ ಅವ್ವನ್ನ ಕಸಗೊಂಡಂಗ ಆಕ್ಕೈತಿ" ಅಂದಳು. ಅಲ್ಲಿಗೆ ಆ ಮಾತು ನಿಂತಿತು.

ಕುಳಿತವನಂತೆ ಕಂಡವನು ಎದ್ದು ಹೊರಟದ್ದು ಎಂಬತ್ತರ ದಶಕದ ನಡುವೆ. ಮೊದಲು ಆ ಹಳೆಯ ಕೆಂಪು ತಿರುಗಿ ಬಂತು, ಕುತ್ತಿಗೆಯಿಂದ ಕೆನ್ನೆಗೆ, ಈ ಸಲ ಗಳಿಗೆಗಟ್ಟಲೆ ಇಳಿಯದೆ. ಆಮೇಲೆ ಭೇದಿ. ಆಮೇಲೆ ಬಲಪಕ್ಕೆಯ ಕೆಳಗೆ ಕೈಗೆ ಸಿಗುವಷ್ಟು ಗಟ್ಟಿ. ಯಕೃತ್ತಿಗೆ ಹೋಗಿದೆ ಅಂದರು. ನಡುವಿನವನೇ ಆಗಿದ್ದ. ಡಾಕ್ಟರು ಕುರ್ಚಿ ಸರಿಸಿಕೊಂಡು ಕುಳಿತು, "ಇನ್ನು ನೋಡ್ರಿ, ಸುಮಾರು..." ಎಂದು ಶುರು ಮಾಡಿದರು. ಅವಳು ಮಂಚದ ಮೇಲಿಂದ ಕೈ ಎತ್ತಿದಳು.

"ಬ್ಯಾಡ್ರಿ, ಸಾಹೇಬ್ರ. ಒಮ್ಮೆ ಹೇಳಿದ್ರಿ, ನಾ ನಂಬಿ ಎಲ್ಲಾ ಹಂಚಿ ಕುಂತೆ. ಈ ಸಲ ಹಂಚಾಕ ಏನೂ ಇಲ್ಲ. ಸುಮ್ಮ ಗುಳಿಗಿ ಬರದ ಕೊಡ್ರಿ."

ಮುಂದಿನ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ, ಉಸಿರು ಮೇಲಾಯಿತು. ಇಲಕಲ್ಲಿನಿಂದ ಎಲ್ಲರೂ ಬಂದಿದ್ದರು. ಅವಳ ಗಂಡ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ನಾನು ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಿದ್ದೆ. ಕಣ್ಣು ಅರೆತೆರೆದಿದ್ದವು, ಕೇಳಿಸುತ್ತಿತ್ತೆಂದು ನನಗೆ ಖಾತ್ರಿ, ಯಾಕೆಂದರೆ ಮಗಳ ಕಾಲ್ಗೆಜ್ಜೆ ಹತ್ತಿರ ಬಂದಾಗ ಹುಬ್ಬು ಅಲುಗಿತು.

ಓಣಿಯ ಹಿರಿಯಳೊಬ್ಬಳು, ಎಲ್ಲ ಗೊತ್ತಿದ್ದವಳು, ಈಗಲೂ ಮುಚ್ಚಿಡುವುದೇನೆಂದುಕೊಂಡಳೋ ಏನೋ, ಬಟ್ಟಲು ತಂದು ಹುಡುಗಿಯ ಕೈಗೆ ಕೊಟ್ಟಳು. "ಬಾರವ್ವ, ನಿಮ್ಮವ್ವನ ಬಾಯಾಗ ಒಂದು ಹನಿ ನೀರು ಬಿಡು."

ಹುಡುಗಿಗೆ ಹನ್ನೊಂದೋ ಹನ್ನೆರಡೋ. ಬಟ್ಟಲು ಹಿಡಿದು ಗಾಬರಿಯಾಗಿ ಹಿಂದಕ್ಕೆ ತಿರುಗಿದಳು. ತನ್ನ ತಾಯಿಗೆ ಏನಾಯಿತೆಂದು ಜನರ ನಡುವೆ ಹುಡುಕಿದಳು. ಬಾದಾಮಿಯವಳು ಗೋಡೆಗೆ ಒರಗಿ ನಿಂತಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮಂಚದ ಕಡೆ ಕೈಮಾಡಿದಳು.

"ಅಕೀನ. ಹೋಗು. ಅವ್ವ ಅನ್ನು."

ಹುಡುಗಿ ಒಮ್ಮೆ ಅವಳನ್ನು ನೋಡಿದಳು, ಒಮ್ಮೆ ಮಂಚವನ್ನು. ಬಂದು ನನ್ನ ಪಕ್ಕದಲ್ಲಿ ಮೊಣಕಾಲೂರಿದಳು. ನಾನು ಬಟ್ಟಲಿಗೆ ಕೆಳಗಿನಿಂದ ಕೈ ಕೊಟ್ಟೆ. ಆ ಶಬ್ದಕ್ಕಾಗಿ ಬಾಯಿ ತೆರೆದಳು, ಅದು ಬರಲಿಲ್ಲ. ನಾಲಗೆಗೆ ರೂಢಿಯಿರುವುದೇ ಬಂತು.

"ದೊಡ್ಡವ್ವಾ, ನೀರು ಕುಡಿ."

ನಾದಿನಿಯ ಬಲಗೈ ಹೊದಿಕೆಯ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು. ಅದರ ಹೆಬ್ಬೆರಳು ಮತ್ತು ತೋರುಬೆರಳು ಮೆಲ್ಲಗೆ ಒಂದಾದವು, ಚಿಟಿಕೆ ಬೆಲ್ಲ ಹಿಡಿದಾಗಿನಂತೆ. ನೀರು ಗಂಟಲಲ್ಲಿ ಇಳಿಯಿತು.